ಗನ್ ನಮ್ಮ ಅಳತೆಗೆ ಬರಬೇಕು, ನಾವು ಗನ್ ಅಳತೆಗಲ್ಲ

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸ್ಕೀಟ್ ಮಿಶ್ರ ತಂಡದ ಕಂಚಿನ ಪಂದ್ಯ ನೆನಪಿದೆಯಾ? ಮಹೇಶ್ವರಿ ಚೌಹಾನ್, ಅನಂತ್‌ಜೀತ್ ಸಿಂಗ್ ನರೂಕಾ ಜೋಡಿ ಚೀನಾ ವಿರುದ್ಧ 43-44ರಲ್ಲಿ ಸೋತಿತು. ಒಂದೇ ಒಂದು ಕ್ಲೇ! ಆವತ್ತಿಂದ ನಮ್ಮ ಗ್ಯಾಂಗ್‌ಗೆ ಈ ಆಟದ ಹುಚ್ಚು. ಚರ್ಚೆ ಮಾತ್ರ ಯಾವಾಗಲೂ ಅದೇ: ಬೆರೆಟ್ಟಾನಾ, ಪೆರಾಜಿನಾ?

ನಮ್ಮ ಪ್ರಕಾರ ಬ್ರ್ಯಾಂಡ್ ಆಮೇಲಿನ ಮಾತು. ಗನ್ ನಮ್ಮ ಮೈಗೆ ಸರಿಯಾಗಿ ಕೂರುತ್ತಾ ಅನ್ನೋದು ಮೊದಲ ಪ್ರಶ್ನೆ.

ಇಂಥ ಶಾಟ್‌ಗನ್‌ಗೆ ರೈಫಲ್ ಥರ ಹಿಂದಿನ ಸೈಟ್ ಇರಲ್ಲ. ನಮ್ಮ ಕಣ್ಣೇ ಆ ಸೈಟ್. ಕೆನ್ನೆ ಸ್ಟಾಕ್ ಮೇಲೆ ಎಲ್ಲಿ ಕೂರುತ್ತೋ, ಕಣ್ಣು ಅಲ್ಲಿ. ಹೈಸ್ಕೂಲಿನ ಸಿಮಿಲರ್ ಟ್ರಯಾಂಗಲ್ಸ್ ಸಾಕು ಲೆಕ್ಕಕ್ಕೆ. ಕಣ್ಣಿನಿಂದ ನಳಿಗೆಯ ತುದಿಗೆ ಸುಮಾರು 1 ಮೀಟರ್, ಟ್ರ್ಯಾಪ್ ಟಾರ್ಗೆಟ್ 35 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಕಣ್ಣು 3 ಮಿ.ಮೀ. ಆಚೀಚೆಯಾದರೆ ಅಲ್ಲಿ 10 ಸೆಂ.ಮೀ.ಗೂ ಹೆಚ್ಚು ವ್ಯತ್ಯಾಸ. ಟಾರ್ಗೆಟ್ ಅಗಲವೇ 11 ಸೆಂ.ಮೀ.! ಚರೆ ಹರಡಿಕೊಂಡು ಹೋಗುವುದರಿಂದ ಕೆಲವು ಸಲ ಬಚಾವ್, ಎಲ್ಲ ಸಲ ಅಲ್ಲ.

ಕೊಡಗಿನ ನಮ್ಮ ಕ್ಲಾಸ್‌ಮೇಟ್ ಒಬ್ಬಳು ಹೇಳಿದ್ದು ಕೇಳಿ. ಕೈಲ್‌ಪೊಳ್ದ್ ಹಬ್ಬಕ್ಕೆ ಊರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಕೈಯಲ್ಲಿ ಅಜ್ಜನ ಕೋವಿ, ಅದರ ಸ್ಟಾಕ್ ಇವಳ ತೋಳಿಗೆ ತುಂಬಾ ಉದ್ದ. ಭುಜ ನೀಲಿಗಟ್ಟಿತು, ಕಾಯಿ ಮಾತ್ರ ಹಾಗೇ ಇತ್ತು. "ನಿಂಗೆ ಶಕ್ತಿ ಸಾಲದು" ಅಂದರು ಎಲ್ಲರೂ. ಎರಡು ವರ್ಷ ಅವಳೂ ಅದನ್ನೇ ನಂಬಿದ್ದಳು. ಆಮೇಲೆ ರೇಂಜ್‌ನಲ್ಲಿ ಕೋಚ್ ಒಬ್ಬರು ಗಿಡ್ಡ ಸ್ಟಾಕ್‌ನ ಗನ್ ಕೊಟ್ಟರು. ಮೊದಲ ದಿನವೇ ಐದರಲ್ಲಿ ಮೂರು ಕ್ಲೇ ಪುಡಿ. ಅವಳ ಭುಜವೇನೂ ಬದಲಾಗಿರಲಿಲ್ಲ.

ಅಭ್ಯಾಸ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ ಅನ್ನೋರಿದ್ದಾರೆ. ಅಭ್ಯಾಸ ಬೇಕೇ ಬೇಕು, ಒಪ್ಪಿದೆವು. ಆದರೆ ಅಳತೆ ಸರಿಯಿಲ್ಲದ ಗನ್‌ನಲ್ಲಿ ಕತ್ತು ಬಗ್ಗಿಸಿ, ಭುಜ ಎತ್ತಿ ಅಭ್ಯಾಸ ಮಾಡಿದರೆ ಆ ತಪ್ಪೇ ಗಟ್ಟಿಯಾಗುತ್ತೆ.

ಹಾಗಾದರೆ ನೋಡೋದು ಹೇಗೆ? ಕೋಚ್ ಎದುರಲ್ಲೇ, ಗನ್ ಖಾಲಿ ಇದೆ ಅಂತ ತೆರೆದು ನೋಡಿದ ಮೇಲೆ, ಕಣ್ಣು ಮುಚ್ಚಿ ಭುಜಕ್ಕೇರಿಸಿ. ಕಣ್ಣು ಬಿಟ್ಟಾಗ ನೋಟ ನಳಿಗೆಯ ಮಧ್ಯಕ್ಕೆ ನೇರವಾಗಿರಬೇಕು. ನಳಿಗೆ ಒಂದು ಪಕ್ಕಕ್ಕೆ ವಾಲಿದಂತೆ ಕಂಡರೆ, ಅಥವಾ ಗನ್ನಿನ ಹಿಂಭಾಗವೇ ಕಣ್ಣಿಗೆ ಅಡ್ಡ ಬಂದರೆ ಸ್ಟಾಕ್ ಸರಿಮಾಡಿಸಬೇಕು. ಮೂಗಿಗೂ ಹೆಬ್ಬೆರಳಿಗೂ ಸುಮಾರು ಎರಡು ಬೆರಳು ಅಂತರ ಇರಲಿ. ಕೊನೆಗೆ ದೊಡ್ಡ ಹಾಳೆಗೆ ಹೊಡೆದು ಚರೆ ಎಲ್ಲಿ ಬೀಳುತ್ತೆ ನೋಡಿ. ಹಾಳೆ ಸುಳ್ಳು ಹೇಳಲ್ಲ.

ದುಡ್ಡು ಕಮ್ಮಿ ಇದ್ದರೆ ಕೆತ್ತನೆ, ಹೆಸರು ಬಿಟ್ಟುಬಿಡಿ. ಕೆನ್ನೆ ತಾಗುವ ಭಾಗವನ್ನು ಮೇಲೆ ಕೆಳಗೆ ಮಾಡಬಹುದಾದ ಸಾಧಾರಣ ಗನ್ ಸಾಕು. ಕಲಿಯೋಕೆ ಬರೋರಿಗೆ ಗನ್ ಕೊಡುವ ಕ್ಲಬ್‌ಗಳೂ ಒಂದಾದರೂ ಗಿಡ್ಡ ಸ್ಟಾಕ್‌ನ ಗನ್, ಒಂದಾದರೂ ಎಡಗೈಯವರ ಗನ್ ಇಡಲಿ ಅನ್ನೋದು ನಮ್ಮ ಒತ್ತಾಯ.

ಇನ್ಮುಂದೆ ಯಾರಾದ್ರೂ "ನಿಂಗಾಗಲ್ಲ" ಅಂದ್ರೆ ಮೊದಲು ಅಳತೆ ಟೇಪ್ ಕೇಳೋಣ.