ದುಡಿದು ಸವೆದವರಿಗೆ 70ರ ಗೆರೆ ಬೇಡ

ಆದಾಯ ಎಷ್ಟೇ ಇರಲಿ, 70 ತುಂಬಿದವರಿಗೆಲ್ಲ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ವೆಚ್ಚ ಕೊಡುವಂತೆ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು ವಿಸ್ತರಿಸಿತು. ಬಡವ ಬಲ್ಲಿದರಿಬ್ಬರಿಗೂ ಒಂದೇ ನಿಯಮ. ಹಾಗಾಗಿ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಮುಪ್ಪು ಎಲ್ಲರಿಗೂ ಒಂದೇ ವಯಸ್ಸಿಗೆ ಬರುವುದಿಲ್ಲ.

1967ರಲ್ಲಿ ಶುರುವಾದ ಬ್ರಿಟನ್ನಿನ ವೈಟ್‌ಹಾಲ್ ಅಧ್ಯಯನದಲ್ಲಿ, ಕೆಳದರ್ಜೆಯ ಸರ್ಕಾರಿ ನೌಕರರ ಸಾವಿನ ಪ್ರಮಾಣ ಮೇಲಧಿಕಾರಿಗಳದ್ದಕ್ಕಿಂತ ಸುಮಾರು ಮೂರು ಪಟ್ಟು ಇತ್ತು. ಅವರೆಲ್ಲ ನೆರಳಲ್ಲಿ ಕೂತು ತಿಂಗಳ ಸಂಬಳ ಎಣಿಸಿದವರು. ಬಿಸಿಲಲ್ಲಿ ಸಿಮೆಂಟು ಹೊತ್ತವರ ಪಾಡೇನು?

ಹೈದರಾಬಾದಿನ ಅಫ್ಜಲ್‌ಗಂಜ್‌ಗೆ ಹೋಗಿ, ಉಸ್ಮಾನಿಯಾ ಆಸ್ಪತ್ರೆಯ ಓಪಿ ಚೀಟಿಯ ಸಾಲು ನೋಡಿ. ಬೀದರ್, ರಾಯಚೂರಿನ ಕಡೆಯ ನಮ್ಮವರೂ ಅಲ್ಲಿರುತ್ತಾರೆ. ಸಿಮೆಂಟು ತಿಂದ ಬೆರಳು, ಮಡಚಲಾಗದ ಮಂಡಿ. ನೋಡಿದರೆ 70 ಅನ್ನಿಸುತ್ತದೆ. ಕೇಳಿದರೆ 55 ಅನ್ನುತ್ತಾರೆ. ಸಾಲಿನಲ್ಲಿ ನಿಂತ ದಿನದ ಕೂಲಿಯೂ ಹೋಯಿತು.

ತೆಲಂಗಾಣ ಸರ್ಕಾರ ಈ ಸತ್ಯವನ್ನು ಎಂದೋ ಒಪ್ಪಿಕೊಂಡಿದೆ. ಅದು ‘ಆಸರಾ’ ವೃದ್ಧಾಪ್ಯ ಪಿಂಚಣಿಯ ವಯಸ್ಸನ್ನು 65ರಿಂದ 57ಕ್ಕೆ ಇಳಿಸಿತು. ನೇಕಾರರಿಗೆ, ಮರ ಹತ್ತಿ ಹೆಂಡ ಇಳಿಸುವವರಿಗೆ 50ಕ್ಕೇ ಪಿಂಚಣಿ. ಕಸುಬು ಮೈ ಸವೆಸುತ್ತದೆಂದು ಪಿಂಚಣಿಗೆ ಒಪ್ಪಿದ ಮೇಲೆ ಚಿಕಿತ್ಸೆಗೆ ಏಕೆ ಒಪ್ಪಬಾರದು?

ಬಡವರಿಗೆ ಮೊದಲೇ ವಿಮೆ ಇದೆಯಲ್ಲ ಎನ್ನುತ್ತಾರೆ. ಇದೆ, ಪಟ್ಟಿಯಲ್ಲಿ ಹೆಸರಿದ್ದರೆ. ಆಯುಷ್ಮಾನ್ ಪಟ್ಟಿಗೆ ಮೂಲ ಆಧಾರ 2011ರ ಹಳೆಯ ಸಾಮಾಜಿಕ-ಆರ್ಥಿಕ ಸಮೀಕ್ಷೆ. ತೆಲಂಗಾಣದ ಸ್ವಂತ ಆರೋಗ್ಯ ಯೋಜನೆಯಾದ ಆರೋಗ್ಯಶ್ರೀಯ ಮಿತಿ 2023ರ ಡಿಸೆಂಬರ್‌ನಲ್ಲಿ 10 ಲಕ್ಷಕ್ಕೇರಿತು ನಿಜ, ಆದರೆ ರಾಯಚೂರಿನಿಂದ ಬಂದು ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಗಾರೆ ಕೆಲಸ ಮಾಡುವವನ ಬಳಿ ಅಲ್ಲಿನ ಕಾರ್ಡು ಎಲ್ಲಿಂದ ಬರಬೇಕು? 70 ದಾಟಿದ ಸಿರಿವಂತನಿಗೆ ಆಧಾರ್ ಸಾಕು. 55ಕ್ಕೇ ಸೋತ ಕೂಲಿಕಾರನಿಗೆ ನೂರೆಂಟು ಕಾಗದ.

ಅಷ್ಟಾಗಿಯೂ ಆಯುಷ್ಮಾನ್ ಹಣ ಕೊಡುವುದು ಆಸ್ಪತ್ರೆಗೆ ದಾಖಲಾದ ಮೇಲೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನಿತ್ಯ ನುಂಗಬೇಕು. ಹೈದರಾಬಾದಿನಲ್ಲಿ 2018ರಲ್ಲಿ ಶುರುವಾದ ‘ಬಸ್ತಿ ದವಾಖಾನೆ’ ಎಂಬ ಸರ್ಕಾರಿ ಬಡಾವಣೆ ಚಿಕಿತ್ಸಾಲಯಗಳು ಅವನ್ನು ಪುಕ್ಕಟೆ ಕೊಡುತ್ತವೆ, ಆದರೆ ಹಗಲು ಹೊತ್ತಿನಲ್ಲಿ, ಕೂಲಿಯ ವೇಳೆಯಲ್ಲೇ. ಮಾತ್ರೆ ತಪ್ಪಿ ಲಕ್ವ ಹೊಡೆದ ಮೇಲೆ ಲಕ್ಷಗಟ್ಟಲೆ ಸುರಿಯುವುದು ಯಾವ ಜಾಣತನ?

ನಿವೃತ್ತ ಮಧ್ಯಮವರ್ಗದವರ ಉಳಿತಾಯವನ್ನೂ ಒಂದೇ ಬಿಲ್ಲು ನುಂಗಿಬಿಡುತ್ತದೆ. ಅವರಿಗೆ ಸಿಕ್ಕಿದ್ದನ್ನು ಕಸಿಯಬೇಕಿಲ್ಲ. ಮೈದುಡಿಮೆಯವರಿಗೆ ವಯಸ್ಸಿನ ಮಿತಿ 55ಕ್ಕೆ ಇಳಿಯಲಿ, ಆಧಾರ್ ಒಂದೇ ಸಾಕಾಗಲಿ, ದವಾಖಾನೆಗಳು ರಾತ್ರಿ ಒಂಬತ್ತರವರೆಗೆ ತೆರೆದಿರಲಿ. 70ಕ್ಕೆ ಮೊದಲೇ ಸಾಯುವವರ ಕಣ್ಣಿಗೆ ಈಗಿನ ಸಮಾನತೆ ಬರೀ ಕಾಗದದ ಮೇಲಿನದು.