ತೆರಿಗೆ ಇಲ್ಲ, ಹುಲ್ಲುಗಾವಲೂ ಇಲ್ಲ

ದನ ಕುರಿಗಳ ತೇಗಿನಲ್ಲಿ ಹೊರಬೀಳುವ ಮೀಥೇನ್ ಅನಿಲಕ್ಕೂ ಸುಂಕ ವಿಧಿಸಲು ನ್ಯೂಜಿಲೆಂಡ್ ಸರಕಾರ 2022ರಲ್ಲಿ ಹೊರಟಾಗ ರೈತರು ಟ್ರ್ಯಾಕ್ಟರುಗಳೊಂದಿಗೆ ಬೀದಿಗಿಳಿದರು. 2024ರಲ್ಲಿ ಹೊಸ ಸರಕಾರ ಆ ಯೋಜನೆಯನ್ನು ಕೈಬಿಟ್ಟಿತು. ಕೇಳಿದರೆ ನಗು ಬರುತ್ತದೆ, ನಿಜ. ಆದರೆ ಹವಾಮಾನ ರಕ್ಷಣೆಯ ಭಾರವನ್ನು ಹೊರಬೇಕಾದವರು ಯಾರು ಎಂಬ ಅವರ ಪ್ರಶ್ನೆ ನಮ್ಮ ರಾಜ್ಯದ್ದೂ ಹೌದು.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಜೀವಿಗಳಿಗೆ ದಯೆ ತೋರಬೇಕೆಂದು ಅದು ಹೇಳುತ್ತದೆ. ನೆರೆಯ ಚಳ್ಳಕೆರೆ ತಾಲೂಕಿನ ಅಮೃತಮಹಲ್ ಕಾವಲಿನಲ್ಲಿ ಕುರಿ ಮೇಯಿಸಿ, ಕಂಬಳಿ ನೇಯ್ದು ಬದುಕಿದ ಹಳ್ಳಿಗಳಿವೆ. 2007ರ ನಂತರ ಈ ಹುಲ್ಲುಗಾವಲಿನ ಸುಮಾರು ಹತ್ತು ಸಾವಿರ ಎಕರೆ ಹಂಚಿಕೆಯಾಯಿತು. ಹೆಚ್ಚಿನ ಪಾಲು ರಕ್ಷಣೆ, ಅಣು ಹಾಗೂ ವಿಜ್ಞಾನ ಸಂಸ್ಥೆಗಳಿಗೆ. 1,250 ಎಕರೆ ಖಾಸಗಿ ಸೌರವಿದ್ಯುತ್ ಕಂಪನಿಗೆ. ತಮ್ಮನ್ನು ಕೇಳಲೇ ಇಲ್ಲ ಎಂಬುದು ಹಳ್ಳಿಯವರ ದೂರು. ವಿಷಯ ಚೆನ್ನೈಯ ಹಸಿರು ನ್ಯಾಯಮಂಡಳಿಗೂ ಹೋಯಿತು. ಗೋಡೆಗಳು ಮಾತ್ರ ಎದ್ದು ನಿಂತವು.

ಹುಲ್ಲು ತಾನೇ ಮಣ್ಣಿನಲ್ಲಿ ಇಂಗಾಲವನ್ನು ಹಿಡಿದಿಡುತ್ತದೆ. ಇಂಗಾಲ ತಗ್ಗಿಸುವ ಹೆಸರಿನಲ್ಲಿ ಅದನ್ನೇ ಅಗೆದರೆ ಲೆಕ್ಕ ಎಲ್ಲಿ ಸರಿಹೋದೀತು? ಸೌರವಿದ್ಯುತ್ ಬೇಡವೆಂದು ಕುರಿಗಾಹಿ ಹೇಳುತ್ತಿಲ್ಲ, ತನ್ನ ಮೇವು ಕೇಳುತ್ತಿದ್ದಾನೆ.

ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪರಿಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೇ ಕೇಳಬೇಕೆಂದರು. ಇಂಗಾಲದ ಕ್ರೆಡಿಟ್ ವ್ಯಾಪಾರ ಹೊಸ ಸಟ್ಟಾ ಆದೀತೆಂದೂ ಎಚ್ಚರಿಸಿದರು. ನಮ್ಮ ಕರಾವಳಿಯ ಇಗರ್ಜಿ, ಶಾಲೆಗಳ ಮಾಡಿನ ಮೇಲೆ ಸೌರಫಲಕ ಹಾಕಿದರೆ ಯಾರ ಮೇವೂ ಹೋಗುವುದಿಲ್ಲ. ಧರ್ಮಕೇಂದ್ರಗಳ ಪಾಲನಾ ಪರಿಷತ್ತುಗಳು ಅಲ್ಲಿಂದಲೇ ಶುರುಮಾಡಬಹುದು.