ಆರೋಗ್ಯ ಚಿಂತನ: ಹೆಸರು ಗಿಡದ್ದು, ಹುಟ್ಟು ಪಾತ್ರೆಯದು



ಕಳೆದ ಶ್ರಾವಣದಲ್ಲಿ ನಮ್ಮ ಬೀಗರ ಪೈಕಿಯ ಹಿರಿಯ ತಾಯಿಯೊಬ್ಬರು ಅಮೆರಿಕದಿಂದ ಹಿಂತಿರುಗಿದರು. ಮಗಳ ಬಾಣಂತನಕ್ಕೆಂದು ಹೋಗಿ ಆರು ತಿಂಗಳು ಅಲ್ಲಿದ್ದು ಬಂದವರು. ಕುಶಲ ವಿಚಾರಿಸಲೆಂದು ನಾನೂ ನನ್ನ ಮನೆಯವರೂ ಹೋದಾಗ ಮೊಮ್ಮಗುವಿನ ವಿಷಯವೆಲ್ಲ ಮುಗಿದ ಮೇಲೆ ಅವರು ಮೆಲ್ಲನೆ ಒಂದು ರಾತ್ರಿಯ ಸಂಗತಿಯನ್ನು ಹೇಳಿದರು.

ಅವರಿಗೆ ಬಹುಕಾಲದಿಂದ ಮೊಣಕಾಲು ನೋವು. ಅಲ್ಲಿಯ ಚಳಿಗೆ ಅದು ಹೆಚ್ಚಾಯಿತು. ಅಳಿಯಂದಿರು ಒಂದು ಅಂಗಡಿಯಿಂದ ಮೆತ್ತನೆಯ ಮಿಠಾಯಿಗಳ ಡಬ್ಬಿಯೊಂದನ್ನು ತಂದುಕೊಟ್ಟರು. ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರ. 'ಹೆಂಪ್‌ನಿಂದ ತಯಾರಿಸಿದ್ದು, ಸಸ್ಯಜನ್ಯ' ಎಂಬ ಬರಹ. ತಾಯಿಯವರು ರಾತ್ರಿ ಊಟವಾದ ಮೇಲೆ ಒಂದನ್ನು ತಿಂದರು. ಅರ್ಧ ಗಂಟೆಯಾದರೂ ನೋವು ಇಳಿಯಲಿಲ್ಲವೆಂದು ಇನ್ನೊಂದನ್ನು ತಿಂದರು. ಎರಡು ಗಂಟೆ ಕಳೆಯುವಷ್ಟರಲ್ಲಿ ಎದೆ ಹೊಡೆದುಕೊಳ್ಳತೊಡಗಿತು, ನಾಲಗೆ ಒಣಗಿತು, ಗೋಡೆಗಳು ತೇಲಿದಂತೆ ಕಂಡವು. ಪ್ರಾಣ ಹೋಗುವುದೆಂದೇ ಅವರು ನಂಬಿದರು. ಹಸುಗೂಸನ್ನು ಎತ್ತಿಕೊಂಡೇ ಮಗಳು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಅಲ್ಲಿಯ ವೈದ್ಯರು ಡಬ್ಬಿಯನ್ನು ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರಗಳಲ್ಲಿದ್ದ ಒಂದು ಪದವನ್ನು ತೋರಿಸಿದರಂತೆ: ಡೆಲ್ಟಾ-8 ಟಿಎಚ್‌ಸಿ.

ಇಷ್ಟನ್ನೂ ಹೇಳಿದ ಮೇಲೆ ಆ ತಾಯಿ ನನ್ನನ್ನು ಕೇಳಿದರು: "ಮಾಸ್ತರ್ರ, ಗಿಡದಿಂದ ಮಾಡಿದ್ದು ಅಂತ ಬರದಿತ್ತಲ್ರಿ, ಅದರಾಗ ಅಮಲು ಎಲ್ಲಿಂದ ಬಂತ್ರಿ?"

ಮೂವತ್ತು ವರ್ಷ ರಸಾಯನಶಾಸ್ತ್ರವನ್ನು ಬೋಧಿಸಿದ ನನಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಮಕ್ಕಳು ಮೊಮ್ಮಕ್ಕಳು ಪರದೇಶದಲ್ಲಿರುವ ಮನೆಗಳು ನಮ್ಮ ಸಮಾಜದಲ್ಲಿ ಈಗ ಅನೇಕ. ಆದುದರಿಂದ ಆ ತಾಯಿಗೆ ಹೇಳಿದ ಉತ್ತರವನ್ನೇ ಈ ತಿಂಗಳ ಅಂಕಣವಾಗಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲವನ್ನು ಕಳೆದುಕೊಳ್ಳೋಣ. 'ಹೆಂಪ್' ಎಂಬುದನ್ನು ಕೆಲವರು 'ಸೆಣಬು' ಎಂದು ಅನುವಾದಿಸುವುದುಂಟು. ನಮ್ಮ ರೈತರು ಹಸಿರೆಲೆ ಗೊಬ್ಬರಕ್ಕಾಗಿ ಬಿತ್ತುವ ಸೆಣಬು ಬೇರೆಯೇ ಕುಲದ ಗಿಡ. ನಾರಿನ ಪುಂಡಿಗೂ ಇಂಗ್ಲಿಷ್ ಪುಸ್ತಕಗಳಲ್ಲಿ 'ಡೆಕ್ಕನ್ ಹೆಂಪ್' ಎಂಬ ಹೆಸರಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಮೆರಿಕದ ಡಬ್ಬಿಯ ಮೇಲಿನ ಹೆಂಪ್ ಎಂದರೆ ನಾವು ಭಂಗಿ, ಗಾಂಜಾ ಎಂದು ಕರೆಯುವ ಗಿಡವೇ. ಅಮಲಿನ ಅಂಶ ಕಡಿಮೆಯಿರುವ ತಳಿ ಮಾತ್ರ. ಅಮೆರಿಕದಲ್ಲಿ 2018ರ ಡಿಸೆಂಬರಿನಲ್ಲಿ ಅಂಗೀಕೃತವಾದ ಕೃಷಿ ಕಾಯಿದೆಯು, ಒಣಗಿದ ತೂಕದಲ್ಲಿ ಡೆಲ್ಟಾ-9 ಟಿಎಚ್‌ಸಿ ಎಂಬ ಅಮಲುಕಾರಕವು ಶೇಕಡಾ 0.3ನ್ನು ಮೀರದ ಗಿಡವನ್ನು 'ಹೆಂಪ್' ಎಂದು ಕರೆದು, ಮಾದಕ ವಸ್ತುಗಳ ಪಟ್ಟಿಯಿಂದ ಹೊರಗಿರಿಸಿತು.

ಈ ಗಿಡದಲ್ಲಿ ನೂರಕ್ಕೂ ಹೆಚ್ಚು ವಿಶಿಷ್ಟ ಸಂಯುಕ್ತಗಳಿವೆ. ಅವುಗಳಲ್ಲಿ ಮುಖ್ಯವಾದವು ಎರಡು: ಅಮಲು ತರುವ ಟಿಎಚ್‌ಸಿ, ಅಮಲು ತಾರದ ಸಿಬಿಡಿ. ಟಿಎಚ್‌ಸಿಯನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು 1964ರಲ್ಲಿ ನಿರೂಪಿಸಿದವರು ಇಸ್ರೇಲಿನ ರಫಾಯಲ್ ಮೆಕೊಲಮ್ ಮತ್ತು ಯೆಹಿಯೆಲ್ ಗಾವೊನಿ. ನಮ್ಮ ಮೆದುಳಿನಲ್ಲಿ ಟಿಎಚ್‌ಸಿ ಹೋಗಿ ಕೂಡುವ ತಾಣಕ್ಕೆ ಸಹಜವಾಗಿಯೇ ಕೂಡುವ ಒಂದು ವಸ್ತು ಶರೀರದಲ್ಲೇ ಉಂಟಾಗುತ್ತದೆ ಎಂಬುದು 1992ರಲ್ಲಿ ತಿಳಿದುಬಂದಿತು. ಆ ವಿಜ್ಞಾನಿಗಳು ಅದಕ್ಕೆ ನಮ್ಮ 'ಆನಂದ' ಪದವನ್ನೇ ಆಯ್ದು 'ಆನಂದಮೈಡ್' ಎಂದು ಹೆಸರಿಟ್ಟರು. ದೇಹವು ತನಗೆ ಬೇಕಾದಾಗ, ಬೇಕಾದಷ್ಟೇ ಅದನ್ನು ಉತ್ಪಾದಿಸಿ ಕೂಡಲೇ ಕರಗಿಸಿಬಿಡುತ್ತದೆ. ಹೊರಗಿನಿಂದ ಬಂದ ಟಿಎಚ್‌ಸಿಗೆ ಆ ಮಿತಿಯಿಲ್ಲ.

ಇನ್ನು ಆ ತಾಯಿಯ ಪ್ರಶ್ನೆಗೆ ಬರೋಣ. ಸಿಬಿಡಿ, ಡೆಲ್ಟಾ-9 ಟಿಎಚ್‌ಸಿ, ಡೆಲ್ಟಾ-8 ಟಿಎಚ್‌ಸಿ ಇವು ಮೂರೂ ಸಮಾಂಗಿಗಳು. ಅಂದರೆ ಮೂರರಲ್ಲಿಯೂ ಇಂಗಾಲದ 21, ಜಲಜನಕದ 30, ಆಮ್ಲಜನಕದ 2 ಪರಮಾಣುಗಳೇ ಇವೆ. ಜೋಡಣೆ ಮಾತ್ರ ಬೇರೆ. ಅವೇ ಕಲ್ಲುಗಳಿಂದ ಮೂರು ಬಗೆಯ ಮನೆ ಕಟ್ಟಿದಂತೆ. ಡೆಲ್ಟಾ-8 ಗಿಡದಲ್ಲಿ ಇರುವುದು ಅತ್ಯಲ್ಪ. ಅದನ್ನು ಹಿಂಡಿ ತೆಗೆದು ಮಾರುವುದು ಯಾರಿಗೂ ಗಿಟ್ಟುವ ವ್ಯಾಪಾರವಲ್ಲ. ಆದರೆ 2018ರ ಕಾಯಿದೆಯ ನಂತರ ರೈತರು ಮುಗಿಬಿದ್ದು ಹೆಂಪ್ ಬೆಳೆದರು. ಸಿಬಿಡಿ ಬೇಕಾದಕ್ಕಿಂತ ಹೆಚ್ಚಾಯಿತು, ಬೆಲೆ ಕುಸಿಯಿತು. ಆಗ ತಯಾರಕರು ಹಳೆಯ ವಿದ್ಯೆಯೊಂದನ್ನು ನೆನೆದರು. ಸಿಬಿಡಿಯನ್ನು ಆಮ್ಲದ ಸಂಪರ್ಕದಲ್ಲಿಟ್ಟರೆ ಅದರ ಜೋಡಣೆ ಬದಲಾಗಿ ಅಮಲಿನ ಟಿಎಚ್‌ಸಿ ಆಗುತ್ತದೆ ಎಂಬುದು 1940ರ ದಶಕದಿಂದಲೇ ತಿಳಿದ ಸಂಗತಿ. ಕಾನೂನು ಹೆಸರಿಸಿದ್ದು ಡೆಲ್ಟಾ-9 ಒಂದನ್ನೇ ಆದುದರಿಂದ ಡೆಲ್ಟಾ-8 ನಿರ್ಬಂಧವಿಲ್ಲದೆ ಅಂಗಡಿಯ ಕಪಾಟನ್ನೇರಿತು. ಹೀಗೆ ಗಿಡದಿಂದ ತೆಗೆದ ಒಂದು ಸಂಯುಕ್ತವನ್ನು ಪಾತ್ರೆಯಲ್ಲಿ ಬೇರೊಂದಾಗಿ ಮಾರ್ಪಡಿಸಿದ್ದಕ್ಕೆ 'ಅರೆಸಂಶ್ಲೇಷಿತ' ಎನ್ನುತ್ತಾರೆ.

ಇದರ ಇನ್ನೊಂದು ರೂಪ ಎಚ್‌ಎಚ್‌ಸಿ. ಟಿಎಚ್‌ಸಿಗೆ ಲೋಹದ ಕ್ರಿಯಾವರ್ಧಕದ ನೆರವಿನಿಂದ ಜಲಜನಕವನ್ನು ಸೇರಿಸಿದರೆ ಎಚ್‌ಎಚ್‌ಸಿ ಸಿದ್ಧವಾಗುತ್ತದೆ. ನಮ್ಮ ಗೃಹಿಣಿಯರಿಗೆ ಇದು ಅಪರಿಚಿತವಾದ ಕ್ರಿಯೆಯೇನಲ್ಲ. ಎಣ್ಣೆಗೆ ನಿಕೆಲ್ ಲೋಹದ ನೆರವಿನಿಂದ ಜಲಜನಕವನ್ನು ಸೇರಿಸಿ ಗಟ್ಟಿ ಮಾಡಿದ ವಸ್ತುವನ್ನು ನಾವು ದಶಕಗಳ ಕಾಲ ಅಡುಗೆಮನೆಯಲ್ಲಿ ಬಳಸಿದೆವು. ಅದರ ಹೆಸರೇ ವನಸ್ಪತಿ! ಹೆಸರು ಗಿಡದ್ದು, ಹುಟ್ಟಿದ್ದು ಕಾರ್ಖಾನೆಯ ಪಾತ್ರೆಯಲ್ಲಿ. ಎಣ್ಣೆಯಲ್ಲಿಲ್ಲದ ಹಾನಿಕರ ಟ್ರಾನ್ಸ್ ಕೊಬ್ಬು ಅದರಲ್ಲಿ ಸೇರಿಕೊಳ್ಳುತ್ತದೆಂಬುದು ಲೋಕಕ್ಕೆ ತಿಳಿಯಲು ಬಹಳ ವರ್ಷಗಳು ಹಿಡಿದವು. ನಮ್ಮ ದೇಶದಲ್ಲಿ ಅದಕ್ಕೆ ಶೇಕಡಾ 2ರ ಮಿತಿ ಬಂದುದು 2022ರಲ್ಲಿ. ವನಸ್ಪತಿಯಿಂದ ಕಲಿತ ಪಾಠವನ್ನು ಈ ಮಿಠಾಯಿಗಳ ವಿಷಯದಲ್ಲಿ ಮರೆಯಬಾರದು.

ಹಾಗಾದರೆ ಪಾತ್ರೆಯಲ್ಲಿ ತಯಾರಾದುದೆಲ್ಲ ಕೆಟ್ಟದ್ದು, ಗಿಡದಲ್ಲಿರುವುದೆಲ್ಲ ಒಳ್ಳೆಯದೇ? ಹಾಗೆಂದು ತಿಳಿಯಬಾರದು. ಗಿಡದ ಟಿಎಚ್‌ಸಿಯೂ ಅಮಲನ್ನು ತರುತ್ತದೆ, ಚಟವಾಗುತ್ತದೆ, ಹರೆಯದವರ ಮನಸ್ಸನ್ನು ಕೆಡಿಸಬಲ್ಲದು. ಇನ್ನೊಂದೆಡೆ, ಸಂಪೂರ್ಣವಾಗಿ ಪ್ರಯೋಗಾಲಯದಲ್ಲೇ ತಯಾರಾದ ಟಿಎಚ್‌ಸಿ 'ಡ್ರೊನಾಬಿನಾಲ್' ಎಂಬ ಹೆಸರಿನಲ್ಲಿ 1985ರಿಂದ ಔಷಧವಾಗಿದೆ. ಕ್ಯಾನ್ಸರ್ ಚಿಕಿತ್ಸೆಯ ವಾಂತಿಯನ್ನು ತಡೆಯಲು ಅದನ್ನು ಕೊಡುತ್ತಾರೆ. ಗಿಡದಿಂದ ತೆಗೆದು ಶುದ್ಧೀಕರಿಸಿದ ಸಿಬಿಡಿ, ಮಕ್ಕಳ ಕೆಲವು ತೀವ್ರ ಅಪಸ್ಮಾರಗಳಿಗೆ 'ಎಪಿಡಯೊಲೆಕ್ಸ್' ಎಂಬ ಔಷಧವಾಗಿ 2018ರಲ್ಲಿ ಮನ್ನಣೆ ಪಡೆಯಿತು. ಒಂದು ಪಾತ್ರೆಯದು, ಇನ್ನೊಂದು ಗಿಡದ್ದು. ಎರಡಕ್ಕೂ ಪ್ರಮಾಣ ನಿಗದಿಯಾಗಿದೆ, ಪರೀಕ್ಷೆ ಆಗಿದೆ, ಕೊಡುವವರು ವೈದ್ಯರು. ವ್ಯತ್ಯಾಸವಿರುವುದು ಇಲ್ಲಿ.

ಅಂಗಡಿಯ ಮಿಠಾಯಿಯಲ್ಲಿ ಈ ಮೂರೂ ಇಲ್ಲ. ಆಮ್ಲದ ಕ್ರಿಯೆಯಲ್ಲಿ ಡೆಲ್ಟಾ-8 ಒಂದೇ ಹುಟ್ಟುವುದಿಲ್ಲ. ಡೆಲ್ಟಾ-9, ಡೆಲ್ಟಾ-10 ಮುಂತಾದವೂ ಗುರುತು ಸಿಗದ ಕೆಲವು ಸಂಯುಕ್ತಗಳೂ ಜೊತೆಗೂಡುತ್ತವೆ. ಸರಿಯಾಗಿ ಶುದ್ಧೀಕರಿಸದಿದ್ದರೆ ಆಮ್ಲ, ದ್ರಾವಕ, ಲೋಹಗಳ ಶೇಷವೂ ಉಳಿಯುತ್ತದೆ. 'ಟಿಎಚ್‌ಸಿ-ಓ' ಎಂಬ ಮತ್ತೊಂದು ಮಾರ್ಪಾಡನ್ನು ಕಾಯಿಸಿ ಹೊಗೆಯಾಗಿ ಸೇದಿದರೆ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಕೀಟೀನ್ ಅನಿಲ ಹುಟ್ಟುವುದೆಂದು 2022ರಲ್ಲಿ ಸಂಶೋಧಕರು ತೋರಿಸಿಕೊಟ್ಟರು.

'ಶೇಕಡಾ 0.3 ಮಾತ್ರ' ಎಂಬ ಬರಹವನ್ನೂ ಕೊಂಚ ಲೆಕ್ಕ ಹಾಕಿ ನೋಡಬೇಕು. ಒಣ ಎಲೆಯಲ್ಲಿ ಇದು ಅಲ್ಪವೇ ಸರಿ. ಆದರೆ 4 ಗ್ರಾಂ ತೂಗುವ ಒಂದು ಮಿಠಾಯಿಯಲ್ಲಿ ಶೇಕಡಾ 0.3 ಎಂದರೆ 12 ಮಿಲಿಗ್ರಾಂ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2021ರಲ್ಲಿ ಸಂಶೋಧನೆಗಾಗಿ ಗೊತ್ತುಪಡಿಸಿದ ಟಿಎಚ್‌ಸಿಯ ಒಂದು ಮಾನವೇ 5 ಮಿಲಿಗ್ರಾಂ. ಅಭ್ಯಾಸವಿಲ್ಲದ ಹಿರಿಯರಿಗೆ 12 ಮಿಲಿಗ್ರಾಂ ಸಣ್ಣ ಮಾತಲ್ಲ. ಮೇಲಾಗಿ, ತಿಂದ ಟಿಎಚ್‌ಸಿ ಯಕೃತ್ತಿನ ಮೂಲಕ ಹಾದು ಪರಿಣಾಮ ತೋರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಆ ತಾಯಿಯವರು ಎಡವಿದ್ದು ಇಲ್ಲಿಯೇ: ಮೊದಲನೆಯದು ಕೆಲಸ ಮಾಡುವ ಮುನ್ನವೇ ಎರಡನೆಯದನ್ನು ತಿಂದರು.

ಇದು ಒಬ್ಬ ತಾಯಿಯ ಕಥೆಯಷ್ಟೇ ಅಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಪ್ರಕಟಿಸಿದಂತೆ, 2021ರ ಜನವರಿಯಿಂದ 2022ರ ಫೆಬ್ರವರಿಯವರೆಗೆ ಅಲ್ಲಿಯ ವಿಷ ನಿಯಂತ್ರಣ ಕೇಂದ್ರಗಳಿಗೆ ಡೆಲ್ಟಾ-8ಕ್ಕೆ ಸಂಬಂಧಿಸಿ 2,362 ಪ್ರಕರಣಗಳು ವರದಿಯಾದವು. ಅವರಲ್ಲಿ ಶೇಕಡಾ 41ರಷ್ಟು ಮಂದಿ 18 ವರ್ಷ ತುಂಬದವರು. ಒಂದು ಮಗು ತೀರಿಕೊಂಡಿತು. ಮಿಠಾಯಿಯ ಬಣ್ಣ, ಮಿಠಾಯಿಯ ರುಚಿ. ಮಗು ಅದನ್ನು ಔಷಧವೆಂದು ಹೇಗೆ ತಿಳಿದೀತು?

ಸರ್ಕಾರಗಳು ತಡವಾಗಿಯಾದರೂ ಎಚ್ಚೆತ್ತಿವೆ. ಯುರೋಪಿನಲ್ಲಿ ಎಚ್‌ಎಚ್‌ಸಿ ಮೊದಲು ಪತ್ತೆಯಾದುದು 2022ರ ಮೇ ತಿಂಗಳಲ್ಲಿ. 2025ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗವು ಅದನ್ನು ಅಂತರರಾಷ್ಟ್ರೀಯ ನಿಯಂತ್ರಣ ಪಟ್ಟಿಗೆ ಸೇರಿಸಿತು. ಅಮೆರಿಕವು 2025ರ ನವೆಂಬರಿನಲ್ಲಿ ಒಂದು ವರ್ಷದ ಗಡುವಿಟ್ಟು ಹೆಂಪ್‌ನ ವ್ಯಾಖ್ಯೆಯನ್ನೇ ತಿದ್ದಿತು. ಗಿಡದ ಹೊರಗೆ ತಯಾರಿಸಿದ ಇಂಥ ಸಂಯುಕ್ತಗಳನ್ನು ಆ ವ್ಯಾಖ್ಯೆಯಿಂದ ಹೊರಹಾಕಿ, ಒಂದು ಡಬ್ಬಿಯಲ್ಲಿ ಒಟ್ಟು ಟಿಎಚ್‌ಸಿ 0.4 ಮಿಲಿಗ್ರಾಂ ಮೀರಬಾರದೆಂದು ವಿಧಿಸಿತು. ಹಿಂದೆ ಹೇಳಿದ 12 ಮಿಲಿಗ್ರಾಂ ಎಲ್ಲಿ, ಈ 0.4 ಎಲ್ಲಿ!

ನಮ್ಮ ಓದುಗರಲ್ಲಿ ಕೆಲವರು, "ನಮ್ಮ ಸೀಮೆಯ ಕೆಲವು ಗದ್ದುಗೆಗಳಲ್ಲಿ, ಜಾತ್ರೆಗಳಲ್ಲಿ ಭಂಗಿಸೊಪ್ಪಿನ ಬಳಕೆ ಹಿಂದಿನಿಂದಲೂ ಇದೆಯಲ್ಲ" ಎನ್ನಬಹುದು. ಆ ಆಚರಣೆಯ ಸರಿತಪ್ಪುಗಳ ವಿಚಾರ ಇಲ್ಲಿ ಬೇಡ. ಆದರೆ ಆ ಸಾಕ್ಷ್ಯವು ಈ ಮಿಠಾಯಿಗೆ ಸಲ್ಲದು. ಎಚ್‌ಎಚ್‌ಸಿಯನ್ನು ನಮ್ಮ ಹಿರಿಯರಾರೂ ಸೇವಿಸಿದವರಲ್ಲ. ನೂರು ವರ್ಷದ ರೂಢಿಯ ಹೆಸರನ್ನು ನಾಲ್ಕು ವರ್ಷದ ಸರಕಿಗೆ ಅಂಟಿಸುವುದು ವ್ಯಾಪಾರವೇ ಹೊರತು ಪರಂಪರೆಯಲ್ಲ.

ಪರದೇಶದಲ್ಲಿ ಮಕ್ಕಳಿರುವ ಮನೆಯವರು ಈ ಕೆಲವು ಅಂಶಗಳನ್ನು ಮನಸ್ಸಿನಲ್ಲಿಡಬೇಕು. ಮೊದಲನೆಯದು, 'ಸಸ್ಯಜನ್ಯ', 'ಹೆಂಪ್' ಎಂಬ ದಪ್ಪಕ್ಷರಗಳನ್ನು ಬಿಟ್ಟು ಹಿಂಬದಿಯ ಸಣ್ಣಕ್ಷರಗಳನ್ನು ಓದಿರಿ. ಡೆಲ್ಟಾ-8, ಡೆಲ್ಟಾ-10, ಎಚ್‌ಎಚ್‌ಸಿ, ಟಿಎಚ್‌ಸಿ-ಓ, ಟಿಎಚ್‌ಸಿ-ಪಿ ಎಂಬ ಯಾವುದೇ ಹೆಸರು ಕಂಡರೆ ಅದು ಅಮಲಿನ ಪದಾರ್ಥವೆಂದೇ ತಿಳಿಯಿರಿ. ಎರಡನೆಯದು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು, ಅಪಸ್ಮಾರದ ಗುಳಿಗೆ ತೆಗೆದುಕೊಳ್ಳುವವರು ಅಮಲಿಲ್ಲದ ಸಿಬಿಡಿಯನ್ನು ಸಹ ವೈದ್ಯರನ್ನು ಕೇಳದೆ ಮುಟ್ಟಬಾರದು. ಅದು ಆ ಔಷಧಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಬಲ್ಲದು. ಮೂರನೆಯದು, ಟಿಎಚ್‌ಸಿ ಎದೆಹಾಲಿನ ಮೂಲಕ ಕೂಸನ್ನು ಸೇರುತ್ತದೆ. ಗರ್ಭಿಣಿಯರೂ ಬಾಣಂತಿಯರೂ ಇದರಿಂದ ಪೂರ್ತಿ ದೂರವಿರಬೇಕು. ನಾಲ್ಕನೆಯದು, ಉದ್ಯೋಗಕ್ಕೆ ಸೇರುವ ಮುನ್ನ ಮೂತ್ರಪರೀಕ್ಷೆಗೆ ಒಳಗಾಗುವ ತರುಣರು 'ಇದು ಬರೀ ಹೆಂಪ್' ಎಂದು ನಂಬಿ ಕೆಲಸ ಕಳೆದುಕೊಳ್ಳಬಾರದು. ಪರೀಕ್ಷೆಯು ಡೆಲ್ಟಾ-8ನ್ನೂ ಹಿಡಿಯುತ್ತದೆ. ಐದನೆಯದು, ಮಗು ತಿಂದಿತೆಂಬ ಸಂಶಯ ಬಂದರೂ ಸಾಕು, ಲಕ್ಷಣಗಳಿಗಾಗಿ ಕಾಯಬೇಡಿರಿ. ಅಮೆರಿಕದಲ್ಲಿರುವವರು ವಿಷ ನಿಯಂತ್ರಣ ಕೇಂದ್ರದ 1-800-222-1222 ಸಂಖ್ಯೆಗೆ ಕರೆ ಮಾಡಬಹುದು. ಮಗು ಎಚ್ಚರ ತಪ್ಪಿದರೆ, ಉಸಿರು ತಡವರಿಸಿದರೆ ನೇರವಾಗಿ ತುರ್ತು ಸೇವೆಯನ್ನು ಕರೆಯಬೇಕು.

ಕೊನೆಯದಾಗಿ, ಊರಿಗೆ ಮರಳುವಾಗ ಅಕ್ಕಪಕ್ಕದವರ ಮೊಣಕಾಲು ನೋವಿಗೆಂದು ಇಂಥ ಡಬ್ಬಿಗಳನ್ನು ಪೆಟ್ಟಿಗೆಯಲ್ಲಿಟ್ಟು ತರಲೇಬಾರದು. ನಮ್ಮ 1985ರ ಮಾದಕ ವಸ್ತು ಕಾಯಿದೆಯಲ್ಲಿ ಟಿಎಚ್‌ಸಿ ಮತ್ತು ಅದರ ಸಮಾಂಗಿಗಳು ನಿಯಂತ್ರಿತ ವಸ್ತುಗಳು. ಅಲ್ಲಿ ಅಂಗಡಿಯಲ್ಲಿ ಕೊಂಡದ್ದು ಇಲ್ಲಿ ಸೆರೆಮನೆಗೆ ದಾರಿಯಾದೀತು. ಭಾರತದಲ್ಲಿ 2021ರಿಂದ ಆಹಾರವಾಗಿ ಒಪ್ಪಿತವಾಗಿರುವುದು ಹೆಂಪ್ ಬೀಜ, ಬೀಜದ ಎಣ್ಣೆ ಮತ್ತು ಹಿಟ್ಟು ಮಾತ್ರ.

ಆ ತಾಯಿಯವರಿಗೆ ನಾನು ಇದನ್ನೆಲ್ಲ ಹೇಳಿ ಮುಗಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಡಬ್ಬಿಯನ್ನು ಅಂದು ಇಟ್ಟದ್ದು ಊಟದ ಮೇಜಿನ ಮೇಲೆ, ನಾಲ್ಕು ವರ್ಷದ ಹಿರಿಯ ಮೊಮ್ಮಗನ ಚಾಕಲೇಟಿನ ಪಕ್ಕದಲ್ಲಿಯೇ ಅಂತೆ. "ನಾ ತಿಂದದ್ದು ಛಲೋ ಆತ್ರಿ, ಮಾಸ್ತರ್ರ. ಇಲ್ಲಂದ್ರ ಆ ಕೂಸು ತಿಂತಿತ್ತು" ಎಂದರು.

ಅಂದೇ ರಾತ್ರಿ ಅಲ್ಲಿಯ ಮಗಳಿಗೆ ಫೋನು ಮಾಡಿಸಿ, ಉಳಿದಿರುವ ಡಬ್ಬಿಯೇನಾದರೂ ಮನೆಯಲ್ಲಿದೆಯೇ ಎಂದು ಕೇಳಿಸಿದೆವು. ಇತ್ತು. ಅಳಿಯಂದಿರು ಅದನ್ನು ತೆಗೆದುಹಾಕಿದ ಮೇಲೆಯೇ ಆ ತಾಯಿ ಊಟಕ್ಕೆ ಎದ್ದರು. ತಾವೂ ಇಂದೇ ತಮ್ಮ ಮಕ್ಕಳಿಗೆ ಒಂದು ಕರೆ ಮಾಡಿ ಕೇಳಬೇಕೆಂದು ವಿನಂತಿ.